ಒರೆಗಲ್ಲಿನ ಮೇಲೊಂದು ಗೆರೆ

"ಬಂಗಾರ ನೋಡಾಕ ಲೈಟಿನ ಬೆಳಕು ನಡಿಯಂಗಿಲ್ಲವ್ವಾ, ಬಿಸಿಲು ಬೇಕು" ಎನ್ನುತ್ತ ದೇವದುರ್ಗದ ಪತ್ತಾರಜ್ಜ ಬಲ್ಬು ಆರಿಸಿ, ಕೂತಿದ್ದ ಗಾದಿಯನ್ನೇ ಬಾಗಿಲ ಕಡೆಗೆ ಎಳೆದುಕೊಂಡರು. ನಮ್ಮವ್ವ ಸೆರಗಿನ ಗಂಟು ಬಿಚ್ಚಿ ಬೋರಮಾಳ ಸರವನ್ನು ಅವರ ಮುಂದಿಟ್ಟಳು. ಅಣ್ಣನ ಮಗಳ ಮದುವೆಗೆ ಇನ್ನು ಹದಿನೈದೇ ದಿನ. ಸರದ ಎರಡು ಗುಂಡು ನೆಗ್ಗಿದ್ದವು, ಕೊಂಡಿ ಸಡಿಲಾಗಿತ್ತು. ನಾವು ಹೋದದ್ದು ಬರೀ ರಿಪೇರಿಗೆ. ಅಜ್ಜ ಇಕ್ಕಳಕ್ಕೆ ಕೈ ಹಾಕುವ ಮೊದಲು ಒರೆಗಲ್ಲು ತೆಗೆದರು.

ಅವ್ವನ ಮುಖ ಸಣ್ಣದಾಯಿತು. ತವರಿನಿಂದ ಬಂದ ಸರ ಅದು. ಅದನ್ನು ಅನುಮಾನಿಸಿದರು ಎಂದು ಅವಳಿಗೆ ಅನ್ನಿಸಿರಬೇಕು. ಅಜ್ಜನಿಗೆ ಅದು ತಿಳಿಯಿತು. "ಹಂಗಲ್ಲ ತಂಗಿ. ನನ್ನ ಕೈಗೆ ಏನು ಬಂತು ಅಂತ ನಾನೂ ನೋಡಬೇಕು, ಏನು ಕೊಟ್ಟೆ ಅಂತ ನೀನೂ ನೋಡಬೇಕು. ಇಬ್ಬರೂ ನೋಡಿದ ಮ್ಯಾಲೆ ಕೆಲಸ" ಎಂದರು.

ಕಲ್ಲು ಬಟ್ಟೆ ಸಾಬೂನಿನ ಗಾತ್ರದ್ದು, ಎಣ್ಣೆ ಕುಡಿದು ಕಪ್ಪಾದದ್ದು, ಅಪ್ಪನ ಕಾಲದಿಂದ ಬಂದದ್ದು. ನಡುವೆ ಕೊಂಚ ಸವೆದಿತ್ತು. ಸರದ ಹಿಂಬದಿಯ ಒಂದು ಗುಂಡನ್ನು ಅದರ ಮೇಲೆ ಒಮ್ಮೆ ಎಳೆದರು. ಅರ್ಧ ಇಂಚಿನ ಗೆರೆ ಮೂಡಿತು. ಆಮೇಲೆ ಕಡ್ಡಿಗಳ ಗೊಂಚಲಿನಿಂದ ಒಂದನ್ನು ಆರಿಸಿದರು. ಪ್ರತಿ ಕಡ್ಡಿಯ ತುದಿಗೂ ಒಂದೊಂದು ತರದ ಬಂಗಾರ ಬೆಸೆದಿರುತ್ತದೆ, ಇಪ್ಪತ್ತೆರಡು, ಇಪ್ಪತ್ತು, ಹದಿನೆಂಟು ಕ್ಯಾರೆಟ್ ಹೀಗೆ. ಮೊದಲ ಗೆರೆಯ ಪಕ್ಕಕ್ಕೇ ಇಪ್ಪತ್ತೆರಡರ ಕಡ್ಡಿಯಿಂದ ಇನ್ನೊಂದು ಗೆರೆ ಎಳೆದು, ಎರಡನ್ನೂ ಬಿಸಿಲಿಗೆ ಹಿಡಿದು ತಲೆ ವಾಲಿಸಿ ನೋಡಿದರು. ಗಾಜಿನ ಕಡ್ಡಿ ಅದ್ದಿ ಎರಡಕ್ಕೂ ಅಡ್ಡಲಾಗಿ ಆ್ಯಸಿಡ್ ಸವರಿದರು. ನೈಟ್ರಿಕ್ ಆ್ಯಸಿಡ್ ತಾಮ್ರವನ್ನೂ ಬೆಳ್ಳಿಯನ್ನೂ ತಿನ್ನುತ್ತದೆ, ಬಂಗಾರವನ್ನು ಮುಟ್ಟುವುದಿಲ್ಲ. ಹಿತ್ತಾಳೆಯ ಗೆರೆಯಾದರೆ ಹಸಿರು ಬುರುಗೆದ್ದು ಅಲ್ಲೇ ಅಳಿಸಿಹೋಗುತ್ತದೆ. ಕಡಿಮೆ ತರದ ಬಂಗಾರ ಮಸುಕಾಗುತ್ತದೆ. ಇಪ್ಪತ್ತೆರಡಕ್ಕೂ ಹದಿನೆಂಟಕ್ಕೂ ವ್ಯತ್ಯಾಸ ಹಿಡಿಯಲು ಆ ಆ್ಯಸಿಡ್‌ಗೆ ಚೂರು ಹೈಡ್ರೋಕ್ಲೋರಿಕ್ ಬೆರೆಸುತ್ತಾರೆ. ನಮ್ಮ ಗೆರೆ ಹಾಗೇ ನಿಂತಿತು. "ಇಪ್ಪತ್ತೆರಡಕ್ಕ ಒಂದು ಕೂದಲೆಳಿ ಕಡಿಮಿ. ಹಳೇ ಕೈಕೆಲಸ ನೋಡು, ಬೆಸಿಗಿ ಬಾಳ ಐತಿ" ಎಂದು ಅಜ್ಜ ಕಲ್ಲನ್ನು ಒರೆಸಿ, ಗೂಡಿನಿಂದ ಕಪ್ಪು ಮೇಣದ ಉಂಡೆ ತೆಗೆದು ಗೆರೆಗಳ ಮೇಲೆ ಒತ್ತಿದರು. ಗೆರೆಗಳು ಉಂಡೆಗೆ ಹತ್ತಿಕೊಂಡವು. ವರ್ಷಗಟ್ಟಲೆ ಹೀಗೆ ಒತ್ತಿದ ಮೇಣವನ್ನು ಸುಟ್ಟರೆ ಮತ್ತೆ ಬಂಗಾರವೇ ಬರುತ್ತದೆ.

ಒರೆ ಎಂಬ ಮಾತನ್ನು ನಾನು ಅವತ್ತಿನಿಂದ ಬಿಟ್ಟಿಲ್ಲ. ಹಳಗನ್ನಡದಲ್ಲಿ ಒರೆ ಎಂದರೆ ತಿಕ್ಕು, ಉಜ್ಜಿ ನೋಡು. ಒರೆ ಎಂದರೆ ಹೇಳು, ನುಡಿ ಎಂದೂ ಹೌದು. ತಮಿಳಿನ ಉರೈಗೂ ಹೀಗೇ ಎರಡು ಅರ್ಥ. ತಿಕ್ಕಿ ನೋಡುವುದಕ್ಕೂ ಬಾಯಿಬಿಟ್ಟು ಹೇಳುವುದಕ್ಕೂ ಒಂದೇ ಮಾತಿಟ್ಟುಕೊಂಡ ನಾಡಿನಲ್ಲಿ, ಬಂಗಾರದ ಅಂಗಡಿಯಲ್ಲಿ "ಒರೆಗೆ ಹಚ್ಚಿ ತೋರಿಸ್ರಿ" ಎನ್ನುವುದಕ್ಕೆ ಹೆಣ್ಣುಮಕ್ಕಳು ಯಾಕಿಷ್ಟು ಹಿಂಜರಿಯುತ್ತಾರೆ ಎಂದು ನನಗೆ ಸಂಕಟ. ಪರಿಚಯದ ಸಾವ್ಕಾರ್ರು, ಏನಂದುಕೊಂಡಾರು ಎನ್ನುತ್ತಾರೆ. ಸೀರೆ ಅಂಗಡಿಯಲ್ಲಿ ಇಪ್ಪತ್ತು ಸೀರೆ ಬಿಚ್ಚಿಸುವವರು ಇವರೇ.

ಪತ್ತಾರರ ಮೇಲೆ ಒಂದು ಗಾದೆ ಇದೆ, ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂದು. ನನಗೆ ಈ ಗಾದೆ ಸೇರುವುದಿಲ್ಲ. ಅಕ್ಕಸಾಲಿ ಎಂಬ ಮಾತು ಸಂಸ್ಕೃತದ ಅಕ್ಷಶಾಲೆಯಿಂದ ಬಂದದ್ದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಕ್ಷಶಾಲೆ ಎಂದರೆ ರಾಜ್ಯದ ಬಂಗಾರದ ಕೆಲಸಮನೆ, ಅದಕ್ಕೊಬ್ಬ ಸುವರ್ಣಾಧ್ಯಕ್ಷ. ಬಂಗಾರವನ್ನು ಕಲ್ಲಿಗೆ ತಿಕ್ಕಿ ಗೆರೆಯ ಬಣ್ಣ ನೋಡುವ ಕ್ರಮ ಅಲ್ಲೇ ಬಿಡಿಸಿ ಬರೆದಿದೆ. ಹಳೆಯ ಒಡವೆಯಿಂದ ಬಂಗಾರ ಕದಿಯುವ ನಾಲ್ಕು ದಾರಿಗಳೂ ಇವೆ: ಬಡಿದು ತೆಗೆಯುವುದು, ಕತ್ತರಿಸುವುದು, ಕೆರೆಯುವುದು, ಉಜ್ಜುವುದು. ಉಜ್ಜುವುದು ಎಂದರೆ ಹರಿದಾಳದಂಥ ಪುಡಿ ಹಚ್ಚಿದ ಬಟ್ಟೆಯಿಂದ ತಿಕ್ಕಿ ತೂಕ ಇಳಿಸುವುದು. ಈ ಗ್ರಂಥದ ಓಲೆಗರಿಗಳು ಸಿಕ್ಕಿದ್ದು ನಮ್ಮ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ, 1905ರಲ್ಲಿ, ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ. 1909ರಲ್ಲಿ ಮೂಲವನ್ನು ಅಚ್ಚು ಹಾಕಿಸಿದರು, 1915ರಲ್ಲಿ ಇಂಗ್ಲಿಷ್ ಅನುವಾದ ಪುಸ್ತಕವಾಗಿ ಬಂತು.

ಆ ನಾಲ್ಕನೆಯ ದಾರಿಯೇ ಹೊಸ ರೂಪದಲ್ಲಿ ಮಾನ್ವಿಯಲ್ಲಿ ನಮ್ಮ ಚಿಕ್ಕಮ್ಮನ ಓಣಿಗೆ ಸ್ಕೂಟರ್ ಹತ್ತಿ ಬಂದಿತ್ತು. ಮಧ್ಯಾಹ್ನ ಗಂಡಸರಿಲ್ಲದ ಹೊತ್ತು, ಇಬ್ಬರು ಹುಡುಗರು. ಮೊದಲು ಹಿತ್ತಾಳೆ ಸಮೆ ಬೆಳಗಿಕೊಟ್ಟರು, ಆಮೇಲೆ ಕಾಲ್ಗೆಜ್ಜೆ. ದುಡ್ಡು ಬೇಡ, ಕಂಪನಿಯ ಪ್ರಚಾರ ಎಂದರು. ಕೊನೆಗೆ ಕೈಯ ಬಂಗಾರದ ಪಾಟ್ಲಿ. ತಮ್ಮ ಡಬ್ಬಿಯೊಳಗಿನ ದ್ರಾವಣಕ್ಕೆ ಪಾಟ್ಲಿ ಬಿಟ್ಟು ತೆಗೆದು, ಮನೆಯ ಪಾತ್ರೆಯ ಅರಿಸಿನದ ನೀರಿಗೆ ಹಾಕಿ, ಸ್ವಲ್ಪ ಹೊತ್ತು ಬಿಸಿ ಮಾಡಿ, "ತಣ್ಣಗಾದ ಮ್ಯಾಲೆ ತೆಗೀರಿ ಅಮ್ಮಾ" ಎಂದು ಮುಚ್ಚಿ ಕೊಟ್ಟು ಹೋದರು. ಪಾಟ್ಲಿ ಹೊಳೆಯುತ್ತಲೇ ಇದ್ದವು. ತೂಕಕ್ಕೆ ಹಾಕಿದಾಗ ಮಾತ್ರ ಒಂದು ತೊಲಕ್ಕಿಂತ ಹೆಚ್ಚು ಇಳಿದಿತ್ತು. ಒಂದು ಪಾಲು ನೈಟ್ರಿಕ್‌ಗೆ ಮೂರು ಪಾಲು ಹೈಡ್ರೋಕ್ಲೋರಿಕ್ ಆ್ಯಸಿಡ್ ಸೇರಿದರೆ ಅದು ಬಂಗಾರವನ್ನೇ ಕರಗಿಸುತ್ತದೆ. ಕರಗಿದ್ದು ಡಬ್ಬಿಯ ನೀರಿನ ಜೊತೆ ಸ್ಕೂಟರ್ ಹತ್ತಿ ಹೋಗಿತ್ತು. ಅಂಥ ಒಡವೆಯನ್ನು ಕಲ್ಲಿಗೆ ತಿಕ್ಕಿದರೂ ಶುದ್ಧವೆಂದೇ ತೋರಿಸುತ್ತದೆ, ಯಾಕೆಂದರೆ ಉಳಿದದ್ದು ಶುದ್ಧವೇ. ಕಲ್ಲಿನ ಪಕ್ಕದಲ್ಲಿ ತಕ್ಕಡಿ ಇಲ್ಲದಿದ್ದರೆ ಪರೀಕ್ಷೆ ಅರ್ಧವೇ ಆಗುತ್ತದೆ. ಚಿಕ್ಕಮ್ಮ ಮೂರು ದಿನ ಊಟ ಮಾಡಲಿಲ್ಲ. ಆ ಪಾಟ್ಲಿ ಮಗನ ಬಿತ್ತನೆ ಖರ್ಚಿಗೆ ಬ್ಯಾಂಕಿಗೆ ಹೋಗಬೇಕಾದದ್ದು.

ಬ್ಯಾಂಕಿನ ಮಾತಿಗೆ ಆಮೇಲೆ ಬರುತ್ತೇನೆ. 1915 ಎಂದೆನಲ್ಲ, ಅದೇ ವರ್ಷ ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಸಂಗತಿ ನಡೆಯಿತು. ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಬಂಗಾರದ ಅದಿರು ಹುಡುಕುತ್ತ ಮಸ್ಕಿಯ ಗುಡ್ಡದಲ್ಲಿ ಅಲೆಯುವಾಗ ಬಂಡೆಯ ಮೇಲೆ ಅಕ್ಷರಗಳನ್ನು ಕಂಡ. ಅದು ಅಶೋಕನ ಶಾಸನ. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ ದೇವಾನಾಂಪ್ರಿಯ ಎಂಬಂಥ ಬಿರುದುಗಳಷ್ಟೇ ಇದ್ದವು. ಮಸ್ಕಿಯಲ್ಲಿ ಅಶೋಕ ಎಂಬ ಹೆಸರೇ ಇತ್ತು. ಬಂಗಾರ ಅರಸಿ ಬಂದವನಿಗೆ ಚಕ್ರವರ್ತಿಯ ಹೆಸರು ಸಿಕ್ಕಿತು. ಹಾಗೆಂದು ಬಂಗಾರ ಇರಲಿಲ್ಲವೆಂದಲ್ಲ. ಮಸ್ಕಿಯಿಂದ ಹತ್ತಿರದ ಹಟ್ಟಿಯಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಜನ ಬಂಡೆಗೆ ಬೆಂಕಿ ಹಚ್ಚಿ, ಸಿಡಿಸಿ, ಆಳಕ್ಕಿಳಿದು ಬಂಗಾರ ತೆಗೆದ ಗುರುತುಗಳಿವೆ. ನಿಜಾಮರ ಕಾಲದಲ್ಲಿ ಒಂದು ಕಂಪನಿ 1902ರಿಂದ 1920ರವರೆಗೆ ಅಗೆದು ಬಿಟ್ಟಿತು. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿ ಹುಟ್ಟಿತು, ಅದೇ ಇವತ್ತಿನ ಹಟ್ಟಿ ಚಿನ್ನದ ಗಣಿ. ಅದರದ್ದೇ ಇನ್ನೊಂದು ಗಣಿ ನಮ್ಮ ದೇವದುರ್ಗ ತಾಲ್ಲೂಕಿನ ಊಟಿಯಲ್ಲಿದೆ. ಕೋಲಾರದ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿದ ಮೇಲೆ ದೇಶ ಹೆಸರು ಹಿಡಿದು ಹೇಳುವ ಬಂಗಾರದ ಗಣಿ ಎಂದರೆ ಹಟ್ಟಿ. ಒಂದು ಟನ್ ಕಲ್ಲು ಪುಡಿ ಮಾಡಿದರೆ ಸಿಗುವುದು ಬೆರಳೆಣಿಕೆಯ ಗ್ರಾಂ. ಅಷ್ಟು ಕಷ್ಟದ ವಸ್ತುವಿನ ಮೇಲೆ ನಾವು ಮಲಗಿದ್ದೇವೆ, ಎಳ್ಳಮಾಸಿಗೆ ಹೊಲದಲ್ಲಿ ಚರಗ ಚೆಲ್ಲುತ್ತೇವೆ. ನಮ್ಮ ಹೆಣ್ಣುಮಕ್ಕಳ ಮೂಗಿನ ಮೇಲಿನ ಬಂಗಾರ ಮಾತ್ರ ಬಹುಪಾಲು ಹಡಗು, ವಿಮಾನ ಹತ್ತಿ ಪರದೇಶದಿಂದ ಬಂದದ್ದು.

ಮನೆಯಲ್ಲಿ ಪರೀಕ್ಷೆ ಮಾಡುವುದು ಹೇಗೆ ಎಂದು ಬಹಳ ಮಂದಿ ಕೇಳುತ್ತಾರೆ. ಅಯಸ್ಕಾಂತ ಹಿಡಿಯುವವರಿದ್ದಾರೆ. ಕಬ್ಬಿಣವಿದ್ದರೆ ಅಂಟುತ್ತದೆ, ಸರಿ. ಆದರೆ ಹಿತ್ತಾಳೆ, ತಾಮ್ರ, ಬೆಳ್ಳಿ ಯಾವುದೂ ಅಂಟುವುದಿಲ್ಲ, ಮೋಸ ಮಾಡುವವರು ಬಳಸುವುದು ಇವನ್ನೇ. ಹಲ್ಲಿನಲ್ಲಿ ಕಚ್ಚುವುದು ಒಡವೆಗೂ ಹಲ್ಲಿಗೂ ಕೇಡು. ಮನೆಯ ಪರೀಕ್ಷೆಗಳಲ್ಲಿ ನನಗೆ ನಂಬಿಕೆ ಇರುವುದು ನೀರಿನ ಮೇಲೆ ಮಾತ್ರ, ಆರ್ಕಿಮಿಡೀಸ್‌ನಷ್ಟು ಹಳೆಯದು. ಶುದ್ಧ ಬಂಗಾರ ನೀರಿಗಿಂತ 19.3 ಪಟ್ಟು ಭಾರ. ಇಪ್ಪತ್ತೆರಡು ಕ್ಯಾರೆಟ್ಟಿನದು ಹದಿನೇಳೂ ಮುಕ್ಕಾಲು ಪಟ್ಟಿನ ಆಸುಪಾಸು, ಹಿತ್ತಾಳೆ ಎಂಟೂವರೆಯ ಹತ್ತಿರ. ಇಪ್ಪತ್ತು ಗ್ರಾಂ ಸರವನ್ನು ದಾರದಲ್ಲಿ ಇಳಿಬಿಟ್ಟು ನೀರಿನಲ್ಲಿ ಮುಳುಗಿಸಿ ತೂಗಿದರೆ ಇಪ್ಪತ್ತೆರಡು ಕ್ಯಾರೆಟ್ಟಿನದು ಒಂದು ಗ್ರಾಂಗಿಂತ ತುಸು ಹೆಚ್ಚು ಹಗುರಾಗುತ್ತದೆ. ಹಿತ್ತಾಳೆ ಎರಡು ಗ್ರಾಂಗಿಂತ ಹೆಚ್ಚು. ಇದಕ್ಕೂ ಎರಡು ತೊಡಕಿವೆ. ಟಂಗ್‌ಸ್ಟನ್ ಎಂಬ ಲೋಹ ಹೆಚ್ಚೂಕಡಿಮೆ ಬಂಗಾರದಷ್ಟೇ ಭಾರ, ಗಟ್ಟಿಗಳಲ್ಲಿ ಅದನ್ನು ತುಂಬಿ ಮೋಸ ಮಾಡಿದ್ದುಂಟು. ಇನ್ನೊಂದು ನಮ್ಮದೇ ಬೋರಮಾಳ. ಅದರ ಗುಂಡಿನೊಳಗೆ ಅರಗು ಇರುತ್ತದೆ. ಮೇಲೆ ತೆಳ್ಳಗಿನ ಬಂಗಾರದ ತಗಡು, ಒಳಗೆ ನೆಗ್ಗದಂತೆ ಅರಗು. ನೀರು ಅರಗನ್ನೂ ಲೆಕ್ಕಕ್ಕೆ ಹಿಡಿದು ಒಳ್ಳೆಯ ಸರವನ್ನೂ ಸುಳ್ಳೆನ್ನುತ್ತದೆ.

ಅವ್ವನಿಗೆ ಸಮಾಧಾನವಾಗಲಿ ಎಂದು ಅದೇ ಸರವನ್ನು ರಾಯಚೂರಿಗೂ ಒಯ್ದಿದ್ದೆ. ತೀನ್ ಕಂದೀಲ್ ಬಳಿ ಆಟೋ ಇಳಿದು ಒಂದು ಅಂಗಡಿ ಹೊಕ್ಕೆವು. ಅಲ್ಲಿ ಕಲ್ಲಿಲ್ಲ, ಮಿಕ್ಸರಿಗಿಂತ ಸ್ವಲ್ಪ ದೊಡ್ಡದಾದ ಯಂತ್ರ. ಒಳಗೆ ಸರ ಇಟ್ಟು ಮುಚ್ಚಳ ಹಾಕಿದರೆ ಎಕ್ಸ್‌ರೇ ಬಿದ್ದು, ಯಾವ ಲೋಹ ಎಷ್ಟು ಪಾಲು ಎಂದು ಅರ್ಧ ನಿಮಿಷದಲ್ಲಿ ಚೀಟಿ ಬರುತ್ತದೆ. ಗುಂಡಿನ ಮೇಲೆ ನೂರಕ್ಕೆ 91.2 ಪಾಲು ಬಂಗಾರ ತೋರಿಸಿತು. ಕೊಂಡಿಯ ಬೆಸುಗೆಯ ಮೇಲೆ ಇಟ್ಟರೆ 84. ದೇವದುರ್ಗದ ಬಿಸಿಲಿನಲ್ಲಿ ಅಜ್ಜ ಹೇಳಿದ ಕೂದಲೆಳೆ ಇದೇ. ಕಾಗದದ ಮೇಲೆ ಅಂಕಿ ಕಂಡ ಮೇಲೆ ಅವ್ವ ಉಸಿರು ಬಿಟ್ಟಳು. ನನಗೆ ಅಜ್ಜನ ಕಣ್ಣಿನ ಮೇಲೆ ಗೌರವ ಹೆಚ್ಚಿತು. ಯಂತ್ರದ ಎಕ್ಸ್‌ರೇ ಒಡವೆಯ ಮೇಲ್ಪದರವನ್ನಷ್ಟೇ ಓದುತ್ತದೆ, ದಪ್ಪನೆಯ ಬಂಗಾರದ ಲೇಪ ಕೊಟ್ಟ ಬೆಳ್ಳಿಯನ್ನು ಬಂಗಾರವೆಂದೇ ಹೇಳಿಬಿಡಬಹುದು. ಕಲ್ಲಿನ ಮೇಲೆ ಜೋರಾಗಿ ಎರಡು ಸಲ ಎಳೆದರೆ ಲೇಪ ಹೋಗಿ ಒಳಗಿನ ಬಿಳಿ ಗೆರೆ ಬರುತ್ತದೆ.

ಎಲ್ಲಕ್ಕೂ ಮೇಲಿನ ಪರೀಕ್ಷೆ ಬೆಂಕಿಯದು. ಒಡವೆಯಿಂದ ಚೂರು ಕತ್ತರಿಸಿ, ತೂಗಿ, ಬೆಳ್ಳಿಯ ಜೊತೆ ಸೀಸದ ಹಾಳೆಯಲ್ಲಿ ಸುತ್ತಿ, ಎಲುಬಿನ ಬೂದಿಯ ಪುಟ್ಟ ಬಟ್ಟಲಲ್ಲಿ ಕುಲುಮೆಗೆ ಇಡುತ್ತಾರೆ. ಸೀಸ ತಾಮ್ರವನ್ನೆಲ್ಲ ಎಳೆದುಕೊಂಡು ಬೂದಿಯೊಳಗೆ ಇಂಗುತ್ತದೆ. ಉಳಿದ ಮಣಿಯನ್ನು ತಗಡು ಮಾಡಿ ನೈಟ್ರಿಕ್ ಆ್ಯಸಿಡ್ಡಿನಲ್ಲಿ ಕುದಿಸಿದರೆ ಬೆಳ್ಳಿಯೂ ಕರಗಿ ಬಂಗಾರವೊಂದೇ ನಿಲ್ಲುತ್ತದೆ. ಪುಟಕ್ಕಿಟ್ಟ ಬಂಗಾರ ಎಂದು ನಾವು ಒಳ್ಳೆಯ ಮನುಷ್ಯರಿಗೆ ಹೇಳುವುದು ಬೆಂಕಿಯ ಈ ಪರೀಕ್ಷೆ ಕಂಡವರ ಮಾತೇ ಇರಬೇಕು.

ಬೆಸುಗೆ ಎಂದೆನಲ್ಲ, ಅದಕ್ಕೊಂದು ನೋವಿನ ಕತೆ ಇದೆ. ಇವತ್ತಿಗೂ ನಮ್ಮ ಕಡೆ "ಕೆಡಿಎಂ ಬಂಗಾರ ಐತೇನ್ರಿ" ಎಂದು ಕೇಳುವವರಿದ್ದಾರೆ, ಅದೇನೋ ಮೇಲು ಜಾತಿಯ ಬಂಗಾರವೆಂಬಂತೆ. ಕೆಡಿಎಂ ಎಂದರೆ ಕ್ಯಾಡ್ಮಿಯಂ. 92 ಪಾಲು ಬಂಗಾರಕ್ಕೆ 8 ಪಾಲು ಕ್ಯಾಡ್ಮಿಯಂ ಸೇರಿಸಿದ ಬೆಸುಗೆ. ಕಾಸಿದಾಗ ಕ್ಯಾಡ್ಮಿಯಂ ಆವಿಯಾಗಿ ಹೋಗುವುದರಿಂದ ಒಡವೆಯ ತರ ಇಳಿಯುವುದಿಲ್ಲ. ಆ ಆವಿ ಹೋಗುತ್ತಿದ್ದದ್ದು ಊದುಗೊಳವೆ ಹಿಡಿದು ಬಗ್ಗಿ ಕೂತವರ ಎದೆಯೊಳಕ್ಕೆ. ಶ್ವಾಸಕೋಶ, ಮೂತ್ರಪಿಂಡ ಎರಡಕ್ಕೂ ವಿಷ. ಹಾಲ್‌ಮಾರ್ಕ್ ಕೊಡುವ ಬಿಐಎಸ್ ಈ ಬೆಸುಗೆಯನ್ನು ಒಪ್ಪುವುದಿಲ್ಲ. ಇನ್ನೂ ಹಿಂದೆ, 1963ರ ಜನವರಿಯಲ್ಲಿ ಮೊರಾರ್ಜಿ ದೇಸಾಯಿಯವರು ಚಿನ್ನ ನಿಯಂತ್ರಣ ತಂದು ಹದಿನಾಲ್ಕು ಕ್ಯಾರೆಟ್ಟಿಗಿಂತ ಮೇಲಿನ ಒಡವೆ ಮಾಡುವುದನ್ನೇ ನಿಷೇಧಿಸಿದಾಗ ದೇಶದ ತುಂಬ ಪತ್ತಾರರ ಒಲೆ ಆರಿತು, ಜೀವ ಕಳಕೊಂಡವರೂ ಇದ್ದರು. ನಮ್ಮ ಪತ್ತಾರಜ್ಜನ ಅಪ್ಪ ಆಗ ಎರಡು ವರ್ಷ ಗಾಣಿಗರ ಮನೆಯಲ್ಲಿ ಕೂಲಿ ಮಾಡಿದರಂತೆ, ಕಲ್ಲನ್ನು ಜೋಳದ ಹಗೇವಿನ ಪಕ್ಕ ಬಟ್ಟೆ ಸುತ್ತಿ ಇಟ್ಟಿದ್ದರಂತೆ. ಆಮೇಲೆ ಬಂದ 1968ರ ಚಿನ್ನ ನಿಯಂತ್ರಣ ಕಾಯ್ದೆ ರದ್ದಾದದ್ದು 1990ರಲ್ಲಿ. ಈ ಜನರ ಮೇಲೆ ಅಕ್ಕಸಾಲಿಯ ಆ ಗಾದೆ ಹೇಳಲು ನನಗೆ ಬಾಯಿ ಬರುವುದಿಲ್ಲ.

ಇನ್ನು ಬ್ಯಾಂಕು. ಜೂನ್ ತಿಂಗಳು ಮಾನ್ವಿಯ ಯಾವುದೇ ಬ್ಯಾಂಕಿಗೆ ಹೋಗಿ ನೋಡಿ. ಮುಂಗಾರು ಬಿದ್ದಿರುತ್ತದೆ, ಬೀಜ ಗೊಬ್ಬರಕ್ಕೆ ರೊಕ್ಕ ಬೇಕು. ಗಂಡ ಹೆಂಡತಿ ಬೆಂಚಿನ ಮೇಲೆ ಕೂತಿರುತ್ತಾರೆ. ಹೆಂಡತಿಯ ಕಿವಿ ಬರಿದಾಗಿ, ಓಲೆಯ ತೂತಿಗೆ ಕಸಬರಿಗೆ ಕಡ್ಡಿ ಸಿಗಿಸಿಕೊಂಡಿರುತ್ತಾಳೆ. ಒಳಗೆ ಮೂಲೆಯ ಟೇಬಲ್ಲಿನ ಮೇಲೆ ಬ್ಯಾಂಕಿನವರು ಕರೆಸಿಕೊಂಡ ಪತ್ತಾರರು ಅವಳ ಬೆಂಡೋಲೆಯನ್ನು ಕಲ್ಲಿಗೆ ಹಚ್ಚುತ್ತಾರೆ. ಹರಳಿನ ತೂಕ, ಅರಗಿನ ತೂಕ, ದಾರದ ತೂಕ ಕಳೆಯುತ್ತಾರೆ, ಉಳಿದದ್ದಕ್ಕೆ ತರ ಕಟ್ಟುತ್ತಾರೆ. ಹತ್ತಿ ಬಿಡಿಸಿ, ಭತ್ತ ಮಾರಿ, ಕಾಲುವೆಯ ಕೊನೆ ಭಾಗಕ್ಕೂ ನೀರು ಬಂದಿದ್ದರೆ, ಬೆಂಡೋಲೆ ಸಂಕ್ರಾಂತಿಗೆ ಮನೆಗೆ ಬರುತ್ತದೆ. ನಮ್ಮ ಸೀಮೆಯಲ್ಲಿ ಬಂಗಾರಕ್ಕೆ ನಿಜವಾದ ಪರೀಕ್ಷೆ ನಡೆಯುವುದು ಇಲ್ಲಿ, ಕೊಳ್ಳುವಾಗ ಅಲ್ಲ. ಕೊಂಡ ದಿನ ಇಪ್ಪತ್ತೆರಡು ಎಂದು ಕೇಳಿಸಿಕೊಂಡದ್ದು ಇಪ್ಪತ್ತೇ ಎಂದು ಹೆಣ್ಣುಮಗಳಿಗೆ ಗೊತ್ತಾಗುವುದು ಹತ್ತು ವರ್ಷದ ಮೇಲೆ, ಮಳೆ ಬಂದ ವಾರದಲ್ಲಿ. ಆಗ ಯಾರನ್ನು ಕೇಳುವುದು?

ಅದಕ್ಕೇ ಹಾಲ್‌ಮಾರ್ಕ್ ಕಡ್ಡಾಯವಾದಾಗ ನಾನು ಮನಸ್ಸಾರೆ ಸಂತೋಷಪಟ್ಟವಳು. 2021ರ ಜೂನ್ 16ರಂದು 256 ಜಿಲ್ಲೆಗಳಲ್ಲಿ ಜಾರಿಯಾಗಿ, ಆಮೇಲೆ ಹಬ್ಬುತ್ತ ಬಂತು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕಿನ ಒಡವೆಯ ಮೇಲೆ ಮೂರು ಗುರುತು ಇರಲೇಬೇಕು: ಬಿಐಎಸ್‌ನ ತ್ರಿಕೋನ, 22ಕೆ916 ಎಂಬಂತೆ ಶುದ್ಧತೆ, ಆರು ಅಕ್ಷರ ಅಂಕಿಗಳ ಎಚ್‌ಯುಐಡಿ ಎಂಬ ಗುರುತಿನ ಸಂಖ್ಯೆ. 916 ಎಂದರೆ ಸಾವಿರಕ್ಕೆ 916 ಪಾಲು ಬಂಗಾರ, ಇಪ್ಪತ್ತೆರಡನ್ನು ಇಪ್ಪತ್ನಾಲ್ಕರಿಂದ ಭಾಗಿಸಿದರೆ ಬರುವುದು. ಎಚ್‌ಯುಐಡಿಯನ್ನು ಬಿಐಎಸ್ ಕೇರ್ ಎಂಬ ಆ್ಯಪಿನಲ್ಲಿ ಹಾಕಿದರೆ ಅಂಗಡಿಯ ನೋಂದಣಿ, ಪರೀಕ್ಷೆ ಮಾಡಿದ ಕೇಂದ್ರ, ಶುದ್ಧತೆ, ಒಡವೆ ಯಾವುದು ಎಂಬುದೆಲ್ಲ ಬರುತ್ತದೆ. ಒಡವೆ ಯಾವುದು ಎಂಬ ಸಾಲನ್ನು ತಪ್ಪದೆ ಓದಬೇಕು. ಕೈಯಲ್ಲಿ ಸರ ಇದ್ದು ಫೋನಿನಲ್ಲಿ ಉಂಗುರ ಎಂದು ಬಂದರೆ ಆ ಅಂಕಿ ಬೇರೆಯದರಿಂದ ಕದ್ದದ್ದು. ಹಾಲ್‌ಮಾರ್ಕ್ ಇದ್ದೂ ಶುದ್ಧತೆ ಕಡಿಮೆ ಬಂದರೆ ಆ ಕೊರತೆಯ ಬೆಲೆಯ ಎರಡು ಪಟ್ಟು ಮತ್ತು ಪರೀಕ್ಷೆಯ ಖರ್ಚು ಕೊಳ್ಳುವವರಿಗೆ ಬರಬೇಕೆಂದು 2018ರ ಬಿಐಎಸ್ ನಿಯಮದಲ್ಲಿದೆ.

ಆದರೆ ಎರಡು ಗ್ರಾಂಗಿಂತ ಕಡಿಮೆ ತೂಕದ ಒಡವೆಗೆ ಈ ಕಡ್ಡಾಯ ಇಲ್ಲ. ಇದು ನನಗೆ ನುಂಗಲಾರದ ತುತ್ತು. ಎರಡು ಗ್ರಾಂಗಿಂತ ಕಡಿಮೆಯದು ಯಾವುದು? ಮೂಗಬಟ್ಟು, ಮಗುವಿನ ಕಿವಿಯ ರಿಂಗು, ತಾಳಿಯ ಗುಂಡು. ಕೂಲಿ ಮಾಡಿ ಕೂಡಿಟ್ಟ ಹೆಣ್ಣುಮಗಳು ಕೊಳ್ಳುವುದು ಅಷ್ಟನ್ನೇ. ಹತ್ತು ತೊಲ ಕೊಳ್ಳುವವರಿಗೆ ಆರು ಅಂಕಿಯ ಕಾವಲಿದೆ, ಎಂಟು ಗುಂಜಿ ಕೊಳ್ಳುವವಳಿಗೆ ಇಲ್ಲ.

ನಮ್ಮ ಹೊಲದಲ್ಲಿ ಹತ್ತಿ ಬಿಡಿಸಲು ಬರುವ ಅಕ್ಕ ಒಬ್ಬಳು ಮಗಳಿಗೆ ರಾಯಚೂರಿನಿಂದ ಮೂಗಬಟ್ಟು ತಂದಿದ್ದಳು. ಒಂದು ಗ್ರಾಂಗೂ ಕಡಿಮೆ. "ಫೋನಿನಾಗ ನಂಬರ್ ನೋಡ್ತಾರಂತಲ್ಲ, ನೋಡವ್ವಾ" ಎಂದು ನನ್ನ ಕೈಗಿಟ್ಟಳು. ನಂಬರ್ ಇರಲಿಲ್ಲ. ಬಿಲ್ಲಿನಲ್ಲಿ ಮಾತ್ರ 22 ಕ್ಯಾರೆಟ್ ಎಂದು ಸ್ಪಷ್ಟವಾಗಿತ್ತು. ದೇವದುರ್ಗದ ಸಂತೆಯ ದಿನ ಇಬ್ಬರೂ ಪತ್ತಾರಜ್ಜನ ಹತ್ತಿರ ಹೋದೆವು.

ಅಜ್ಜ ಗಾದಿಯನ್ನು ಬಾಗಿಲಿಗೆ ಎಳೆದರು. ಇಷ್ಟು ಸಣ್ಣದನ್ನು ತಿಕ್ಕಿದರೆ ಸವೆದೀತೆಂದು ಮೂಗಿನೊಳಗೆ ಹೋಗುವ ಕಡ್ಡಿಯ ಬೆನ್ನನ್ನು ಕಲ್ಲಿಗೆ ತಾಗಿಸಿದರು, ಇರುವೆ ಹರಿದಷ್ಟು ಗೆರೆ. ಪಕ್ಕಕ್ಕೆ ಇಪ್ಪತ್ತೆರಡರ ಕಡ್ಡಿಯದು, ಅದರ ಪಕ್ಕಕ್ಕೆ ಹದಿನೆಂಟರದು. ಆ್ಯಸಿಡ್ ಸವರಿ ತಾವು ನೋಡಲಿಲ್ಲ, ಕಲ್ಲನ್ನು ಅವಳ ಕಡೆಗೆ ತಿರುಗಿಸಿದರು.

"ನೋಡು ತಂಗಿ, ಯಾವುದರಂಗ ಐತಿ?"

ಅವಳು ಬಿಸಿಲಿಗೆ ಹಣೆಯ ಮೇಲೆ ಕೈ ಇಟ್ಟು ಬಗ್ಗಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಹತ್ತಿಯ ಸಿಪ್ಪೆ ತರಚಿದ ಬೆರಳನ್ನು ಹದಿನೆಂಟರ ಗೆರೆಯ ಮೇಲೆ ಇಟ್ಟಳು.

ಅಜ್ಜ ಹೌದೆಂದು ತಲೆ ಆಡಿಸಿ, ಮೇಣದ ಉಂಡೆಗೆ ಕೈ ಹಾಕಿದರು. "ತಡೀರಿ ಅಜ್ಜಾ, ಅಳಿಸಬ್ಯಾಡ್ರಿ" ಎಂದಳು ಅವಳು. ನನ್ನ ಕಡೆ ತಿರುಗಿ, "ಇದರದೊಂದು ಫೋಟೋ ಹಿಡಿ" ಎಂದಳು. ಹಿಡಿದೆ. ಅವಳು ಬಿಲ್ಲನ್ನು ನಾಲ್ಕು ಮಡಿಕೆ ಮಾಡಿ, ಮೂಗಬಟ್ಟನ್ನು ಅದರೊಳಗಿಟ್ಟು, ಸೆರಗಿನ ತುದಿಗೆ ಗಂಟು ಹಾಕಿ ಎದ್ದಳು.

"ರಾಯಚೂರು ಬಸ್ಸು ಎಷ್ಟಕ್ಕೈತ್ರಿ ಅಜ್ಜಾ?"